ಕೊಟ್ಟಿಗೆಯ ವಿಜ್ಞಾನ ಮನೆಯೊಳಕ್ಕೂ ಬರಲಿ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯದ ಕಾರ್ಖಾನೆಗಳ ಸಾಲನ್ನು ಹಾದು, ಬಲಕ್ಕೆ ತಿರುಗಿ ಕೆಲವು ಮೈಲಿ ಸಾಗಿದರೆ ಹೆಸರಘಟ್ಟ ದೊರೆಯುತ್ತದೆ. ಕೆರೆಗೂ ಹುಲ್ಲುಗಾವಲಿಗೂ ಹೆಸರಾದ ಆ ಊರಿನಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯೋತ್ಪಾದನೆ ಮತ್ತು ತರಬೇತಿ ಸಂಸ್ಥೆಯಿದೆ. ಡೆನ್ಮಾರ್ಕಿನ ನೆರವಿನಿಂದ ೧೯೬೯ರಲ್ಲಿ ಆರಂಭವಾದ ಸಂಸ್ಥೆ ಇದು. ಇಲ್ಲಿ ಸಾಕಿದ ಹೋರಿಗಳ ವೀರ್ಯವನ್ನು ಪರೀಕ್ಷಿಸಿ, ಸಣ್ಣ ಕೊಳವೆಗಳಲ್ಲಿ ತುಂಬಿ, ಸೊನ್ನೆಗಿಂತ ೧೯೬ ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ. ಒಂದು ಕೊಳವೆಯಲ್ಲಿ ಹಿಡಿಯುವುದು ಕಾಲು ಮಿಲಿಲೀಟರು ಮಾತ್ರ. ಅಷ್ಟರೊಳಗೆ ಸುಮಾರು ಎರಡು ಕೋಟಿ ವೀರ್ಯಾಣುಗಳಿರುತ್ತವೆ. ಹೋರಿಗೆ ಕ್ಷಯವಿಲ್ಲವೆಂದೂ, ಗರ್ಭಪಾತವನ್ನುಂಟುಮಾಡುವ ಬ್ರುಸೆಲ್ಲೋಸಿಸ್ ರೋಗವಿಲ್ಲವೆಂದೂ ಮೊದಲೇ ಖಚಿತಮಾಡಿಕೊಂಡಿರುತ್ತಾರೆ. ಕೊಳವೆಯ ಮೇಲೆ ಹೋರಿಯ ಸಂಖ್ಯೆ, ದಿನಾಂಕ, ಕೇಂದ್ರದ ಗುರುತು ಇವೆಲ್ಲ ಅಚ್ಚಾಗಿರುತ್ತವೆ. ಸುತ್ತಣ ಹಳ್ಳಿಗಳ ರೈತನಿಗೂ ಇದರ ನಿಯಮ ಬಾಯಿಪಾಠವಾಗಿದೆ: ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಅಂದೇ ಸಂಜೆ, ಸಂಜೆ ಬೆದೆಗೆ ಬಂದುದಕ್ಕೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸತಕ್ಕದ್ದು.

ಇದೇ ಹೆದ್ದಾರಿಯ ಪಕ್ಕದ ಪೀಣ್ಯದಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ವಾಸಿಸುವ ದಂಪತಿಗಳನ್ನು ಊಹಿಸಿಕೊಳ್ಳೋಣ. ಪತ್ನಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹಗಲು ದುಡಿಯುತ್ತಾಳೆ. ಪತಿ ಊರಿನ ಇನ್ನೊಂದು ತುದಿಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಿಲ್ಲ. ಊರಿಗೆ ಹೋದರೆ ಅತ್ತೆಯ ಪ್ರಶ್ನೆ, ಇಲ್ಲಿದ್ದರೆ ನೆರೆಯವರ ಪ್ರಶ್ನೆ. ಅರಳಿಕಟ್ಟೆಯ ಪ್ರದಕ್ಷಿಣೆ ಆಯಿತು, ನಾಗರಕಲ್ಲಿನ ಪೂಜೆ ಆಯಿತು, ಹರಕೆಗಳೂ ಆದುವು. ಇನ್ನು ಗೆಳೆಯರು ಪಿಸುಮಾತಿನಲ್ಲಿ ಹೇಳಿಕೊಟ್ಟ ಒಂದು ಉಪಾಯ ಉಳಿದಿದೆ: ಔಷಧದ ಅಂಗಡಿಯಿಂದ ಸಿರಿಂಜೊಂದನ್ನು ತಂದು ಮನೆಯಲ್ಲಿಯೇ ಗರ್ಭಧಾರಣೆಗೆ ಪ್ರಯತ್ನಿಸುವುದು. ಅದನ್ನು ಯಾವ ದಿನ ಮಾಡಬೇಕು, ಹೇಗೆ ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದನ್ನು ಅವರಿಗೆ ಹೇಳಿದವರು ಯಾರೂ ಇಲ್ಲ. ಹಸುವಿನ ವಿಷಯದಲ್ಲಿ ನಾವು ತೋರುವ ವಿಚಾರಪರತೆಯನ್ನು ಮನುಷ್ಯರ ವಿಷಯದಲ್ಲಿ ಏಕೆ ತೋರಬಾರದು? ಇದೇ ಈ ಲೇಖನದ ಪ್ರಶ್ನೆ.

ನಮ್ಮ ವಾಚಕರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಅವರಿಗೆ ಈ ವಿಷಯವೇಕೆ ಎಂದು ಹಿರಿಯರು ಕೇಳಿಯಾರು. ಹೂವಿನ ಪರಾಗಸ್ಪರ್ಶವನ್ನು ಪಾಠವಾಗಿ ಓದುವವರಿಗೆ ತಮ್ಮ ಜನ್ಮದ ಕಾರಣವನ್ನು ಅರಿಯುವ ಅಧಿಕಾರವುಂಟೆಂಬುದು ನಮ್ಮ ಮೊದಲ ಉತ್ತರ. ಎರಡನೆಯ ಉತ್ತರ ಇನ್ನೂ ಸರಳವಾದುದು. ಇಂದಿನ ವಿದ್ಯಾರ್ಥಿಗಳು ಹತ್ತು ವರ್ಷಗಳಲ್ಲಿ ಗೃಹಸ್ಥರಾಗುವರು; ಆಗ ಕಲಿಯೋಣವೆಂದರೆ ಆತಂಕದಲ್ಲಿ ಕಲಿಯಬೇಕಾಗುತ್ತದೆ. ಆತಂಕದಲ್ಲಿ ಕಲಿತದ್ದು ಅರೆಬರೆಯಾಗಿರುತ್ತದೆ. ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಲೆಕ್ಕದಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಬಂಜೆತನದ ಕಷ್ಟವನ್ನು ಕಾಣುತ್ತಾರೆ. ಎಂದರೆ ಅರವತ್ತು ವಿದ್ಯಾರ್ಥಿಗಳ ತರಗತಿಯೊಂದರಲ್ಲಿ ಹತ್ತು ಮಂದಿಗೆ ಈ ತಿಳಿವಳಿಕೆ ಎಂದಾದರೊಂದು ದಿನ ಬೇಕಾದೀತು.

ಈ ವಿದ್ಯೆ ಹೊಸದೇನೂ ಅಲ್ಲ. ೧೭೮೦ರ ಸುಮಾರಿನಲ್ಲಿ ಇಟಲಿಯ ಸ್ಪಲಾಂಜಾನಿ ಎಂಬ ವಿಜ್ಞಾನಿ ಹೆಣ್ಣುನಾಯಿಯೊಂದಕ್ಕೆ ಸಿರಿಂಜಿನ ಮೂಲಕ ವೀರ್ಯವನ್ನು ಸೇರಿಸಿದನು. ಅರುವತ್ತೆರಡು ದಿನಗಳ ಮೇಲೆ ಅದು ಮೂರು ಮರಿಗಳನ್ನು ಈಯಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನ ಬಳಿಗೆ ಬಟ್ಟೆಯ ವ್ಯಾಪಾರಿಯೊಬ್ಬನು ಬಂದನು. ಮೂತ್ರದ್ವಾರವು ಹುಟ್ಟಿನಿಂದಲೇ ಸರಿಯಾದ ಸ್ಥಳದಲ್ಲಿಲ್ಲದ ಕಾರಣ ಆತನಿಗೆ ಮಕ್ಕಳಾಗಿರಲಿಲ್ಲ. ಬೆಚ್ಚಗಿರಿಸಿದ ಸಿರಿಂಜಿನಿಂದ ತಾನೇ ಪ್ರಯತ್ನಿಸುವಂತೆ ಹಂಟರನು ಸಲಹೆಯಿತ್ತನು, ಪತ್ನಿ ಗರ್ಭವತಿಯಾದಳು. ಈ ಸಂಗತಿಯನ್ನು ಎವರಾರ್ಡ್ ಹೋಮ್ ೧೭೯೯ರಲ್ಲಿ ಪ್ರಕಟಿಸಿದನು. ಗಮನಿಸಿ: ಮನುಷ್ಯರಲ್ಲಿ ದಾಖಲೆಯಾದ ಮೊದಲ ಕೃತಕ ಗರ್ಭಧಾರಣೆಯೇ ವೈದ್ಯನ ಸಲಹೆಯಂತೆ ದಂಪತಿಗಳು ತಾವೇ ಮಾಡಿಕೊಂಡದ್ದು. ಸಲಹೆ ವೈದ್ಯನದು, ಪ್ರಯತ್ನ ದಂಪತಿಗಳದು. ಈ ಮೇಳವೇ ನಮಗೆ ಇಂದಿಗೂ ಆದರ್ಶವಾಗಿ ತೋರುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ೧೮೮೪ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ವೈದ್ಯನೊಬ್ಬನು ಮಹಿಳೆಯೊಬ್ಬಳಿಗೆ ಮತ್ತು ಬರಿಸಿ, ಆಕೆಗೆ ಏನೂ ತಿಳಿಸದೆ, ವೈದ್ಯವಿದ್ಯಾರ್ಥಿಯೊಬ್ಬನ ವೀರ್ಯವನ್ನು ಸೇರಿಸಿದನು. ಮಗು ಹುಟ್ಟಿತು, ಸುದ್ದಿ ಹೊರಬಿದ್ದದ್ದು ಇಪ್ಪತ್ತೈದು ವರ್ಷಗಳ ಮೇಲೆ, ೧೯೦೯ರಲ್ಲಿ. ಆ ಪ್ರಯೋಗ ಫಲಿಸಿತೆಂಬುದು ನಿಜ. ಆದರೆ ಆ ಮಹಿಳೆಯ ಸಮ್ಮತಿಯನ್ನು ಯಾರೂ ಕೇಳಲಿಲ್ಲ. ಸಮ್ಮತಿಯಿಲ್ಲದ ಸಫಲತೆಯನ್ನು ಚಿಕಿತ್ಸೆಯೆಂದು ಕರೆಯಲಾಗದು.

ನಮ್ಮ ನಾಡಿನ ಪಾಲನ್ನೂ ಇಲ್ಲಿ ನೆನೆಯಬೇಕು. ಭಾರತದಲ್ಲಿ ದನಗಳ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ೧೯೩೯ರಲ್ಲಿ, ಮೈಸೂರಿನ ಅರಮನೆ ಡೈರಿ ಫಾರಮಿನಲ್ಲಿ. ಸಂಪತ್ ಕುಮಾರನ್ ಎಂಬ ತಜ್ಞರು ಹೋಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಹಸುಗಳಲ್ಲಿ ಗರ್ಭಧಾರಣೆ ಮಾಡಿಸಿದರು. ೩೩ ಹಸುಗಳು ಗರ್ಭಕಟ್ಟಿದುವು. ಅದಕ್ಕೂ ಮೊದಲು, ೧೯೩೦ರಲ್ಲಿ, ಮೈಸೂರು ಸಂಸ್ಥಾನವು ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತ್ತು. ಜಗತ್ತಿನಲ್ಲಿ ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಅವು ಮೊದಲನೆಯವೆಂದು ಹೇಳುವುದುಂಟು. ಮಕ್ಕಳು ಬೇಡವೆನ್ನುವವರೊಡನೆ ತೊಂಬತ್ತು ವರ್ಷಗಳ ಹಿಂದೆಯೇ ಬಿಚ್ಚುಮನಸ್ಸಿನಿಂದ ಮಾತನಾಡಿದ ನಾಡು ಇದು. ಮಕ್ಕಳು ಬೇಕೆನ್ನುವವರೊಡನೆ ಮಾತ್ರ ಇನ್ನೂ ಪಿಸುಗುಟ್ಟುತ್ತಿದೆ.

ಈಗ ಶರೀರದ ವಿಚಾರಕ್ಕೆ ಬರೋಣ. ಸ್ತ್ರೀಯ ಅಂಡಾಶಯದಿಂದ ಪ್ರತಿ ಋತುಚಕ್ರದಲ್ಲಿಯೂ ಸಾಮಾನ್ಯವಾಗಿ ಒಂದು ಅಂಡ ಹೊರಬೀಳುತ್ತದೆ. ಅದರ ಆಯುಸ್ಸು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಮಾತ್ರ. ವೀರ್ಯಾಣುವಿನ ಆಯುಸ್ಸು ಇದಕ್ಕಿಂತ ಹೆಚ್ಚು. ಗರ್ಭಕೋಶದ ಕೊರಳಿನ ಲೋಳೆಯ ಆಶ್ರಯದಲ್ಲಿ ಅದು ಐದು ದಿನಗಳವರೆಗೂ ಬದುಕಬಲ್ಲುದು. ಆದುದರಿಂದ ಅಂಡ ಹೊರಬೀಳುವ ದಿನ ಮತ್ತು ಅದರ ಹಿಂದಿನ ಐದು ದಿನಗಳು, ಹೀಗೆ ಒಟ್ಟು ಆರು ದಿನಗಳು ಮಾತ್ರ ಫಲವತ್ತಾದ ಕಾಲ. ಅಂಡ ಹೊರಬಿದ್ದ ಮರುದಿನದಿಂದ ಎಷ್ಟು ಪ್ರಯತ್ನಿಸಿದರೂ ಆ ತಿಂಗಳಿಗೆ ಫಲವಿಲ್ಲ.

ಅಂಡ ಹೊರಬೀಳುವ ದಿನ ಯಾವುದು? ಮುಟ್ಟಾದ ಹದಿನಾಲ್ಕನೆಯ ದಿನವೆಂದು ಬಹುಮಂದಿ ಹೇಳುತ್ತಾರೆ. ಇದು ಎಲ್ಲರಿಗೂ ಹೊಂದದು. ಲೆಕ್ಕವನ್ನು ಹಿಂದಿನಿಂದ ಎಣಿಸಬೇಕು: ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಅಂಡ ಹೊರಬೀಳುತ್ತದೆ. ಋತುಚಕ್ರ ೨೮ ದಿನಗಳದಾದರೆ ೧೪ನೆಯ ದಿನ. ೩೫ ದಿನಗಳದಾದರೆ ೨೧ನೆಯ ದಿನ. ಎರಡನೆಯವಳು ೧೪ನೆಯ ದಿನವನ್ನೇ ನಂಬಿ ಕುಳಿತರೆ ತಿಂಗಳು ತಿಂಗಳೂ ಏಳು ದಿನ ಮೊದಲೇ ಪ್ರಯತ್ನಿಸಿ ನಿರಾಶಳಾಗುವಳು. ದೋಷವಿರುವುದು ಅವಳ ದೇಹದಲ್ಲಲ್ಲ, ಲೆಕ್ಕದಲ್ಲಿ.

ಚಕ್ರ ಏರುಪೇರಾಗಿರುವವರು ದೇಹದ ಕುರುಹುಗಳನ್ನು ನೋಡಬೇಕು. ಫಲವತ್ತಾದ ದಿನಗಳಲ್ಲಿ ಕೊರಳಿನ ಲೋಳೆಯು ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆದರೆ ದಾರದಂತೆ ಹಿಗ್ಗುತ್ತದೆ. ಔಷಧದ ಅಂಗಡಿಗಳಲ್ಲಿ ಮೂತ್ರದ ಪರೀಕ್ಷಾಪಟ್ಟಿಗಳೂ ದೊರೆಯುತ್ತವೆ. ಎಲ್.ಎಚ್. ಎಂಬ ಹಾರ್ಮೋನು ಏರಿದುದನ್ನು ಅವು ತೋರಿಸುತ್ತವೆ. ಏರಿಕೆ ಮೊದಲಾದ ೨೪ರಿಂದ ೩೬ ಗಂಟೆಗಳಲ್ಲಿ ಅಂಡ ಹೊರಬೀಳುವುದು ವಾಡಿಕೆ. ಬೆಳಿಗ್ಗೆ ಎದ್ದೊಡನೆ ದೇಹದ ಉಷ್ಣತೆಯನ್ನು ಬರೆದಿಡುವ ಹಳೆಯ ಪದ್ಧತಿಯೊಂದುಂಟು. ಆದರೆ ಉಷ್ಣತೆ ಏರುವುದು ಅಂಡ ಹೊರಬಿದ್ದ ಮೇಲೆ. ಅದಲ್ಲದೆ ನಿದ್ರೆಯ ಹೊತ್ತು ದಿನದಿನಕ್ಕೂ ಬದಲಾಗುವವರಲ್ಲಿ ಆ ಲೆಕ್ಕ ಕೆಡುತ್ತದೆ. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವವಳಿಗೆ ಉಷ್ಣಮಾಪಕಕ್ಕಿಂತ ಪರೀಕ್ಷಾಪಟ್ಟಿಯೇ ಮೇಲು. ಪಿ.ಸಿ.ಓ.ಎಸ್. ಎಂಬ ಅಂಡಾಶಯದ ತೊಂದರೆಯಿರುವವರಲ್ಲಿ ಮಾತ್ರ ಈ ಪಟ್ಟಿಯೂ ದಾರಿತಪ್ಪಿಸಬಹುದು. ಅವರು ವೈದ್ಯರ ಸಹಾಯ ಪಡೆಯತಕ್ಕದ್ದು.

ಮನೆಯ ಪ್ರಯತ್ನವು ಯಾರಿಗೆ ತಕ್ಕುದು ಎಂಬ ಪ್ರಶ್ನೆಗೆ ನಾವು ನೇರವಾಗಿ ಉತ್ತರಿಸುತ್ತೇವೆ. ಸಹಜವಾದ ದಾಂಪತ್ಯ ಸಂಬಂಧಕ್ಕೆ ಅಡ್ಡಿಯಿಲ್ಲದವರಿಗೆ ಇದರಿಂದ ಹೆಚ್ಚಿನ ಲಾಭವಿಲ್ಲ. ಸಿರಿಂಜು ವೀರ್ಯವನ್ನು ತಲಪಿಸುವ ಸ್ಥಳವೂ ನಿಸರ್ಗ ತಲಪಿಸುವ ಸ್ಥಳವೂ ಒಂದೇ. ಆದರೆ ಸ್ನಾಯುಗಳು ತಾವಾಗಿಯೇ ಬಿಗಿದುಕೊಂಡು ನೋವಾಗುವ ವೆಜೈನಿಸ್ಮಸ್ ಎಂಬ ತೊಂದರೆಯುಳ್ಳ ಸ್ತ್ರೀಯರು, ಬೆನ್ನುಹುರಿಗೆ ಪೆಟ್ಟಾದ ಪುರುಷರು, ಮಧುಮೇಹದಿಂದಲೋ ಮನಸ್ಸಿನ ಒತ್ತಡದಿಂದಲೋ ಶಕ್ತಿಗುಂದಿದವರು, ಅಂಗವೈಕಲ್ಯವುಳ್ಳ ದಂಪತಿಗಳು, ಇಂಥವರಿಗೆ ಇದು ಸರಳವಾದ, ಅಲ್ಪವೆಚ್ಚದ, ಮಾನ ಉಳಿಸುವ ಮಾರ್ಗ. ಇಂಥವರು ನಮ್ಮ ಸಮಾಜದಲ್ಲಿ ವಿರಳರಲ್ಲ. ಹೇಳಿಕೊಳ್ಳುವವರು ವಿರಳ, ಅಷ್ಟೆ.

ಪ್ರಯತ್ನಕ್ಕೆ ಮುನ್ನ ಇಬ್ಬರೂ ಒಮ್ಮೆ ವೈದ್ಯರನ್ನು ಕಾಣಬೇಕು. ಪುರುಷನ ವೀರ್ಯ ಪರೀಕ್ಷೆ, ಇಬ್ಬರಲ್ಲಿಯೂ ಎಚ್.ಐ.ವಿ., ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳು, ಸಿಫಿಲಿಸ್ ಇವುಗಳ ಪರೀಕ್ಷೆ, ಸ್ತ್ರೀಯಲ್ಲಿ ರಕ್ತಹೀನತೆ, ಥೈರಾಯ್ಡ್, ಸಕ್ಕರೆಯ ಅಂಶ ಇವನ್ನು ನೋಡಿಸಬೇಕು. ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಸ್ತ್ರೀಯು ದಿನಕ್ಕೆ ೪೦೦ ಮೈಕ್ರೊಗ್ರಾಮ್ ಫೋಲಿಕ್ ಆಮ್ಲವನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ದೋಷಗಳು ಬಹುಮಟ್ಟಿಗೆ ತಪ್ಪುತ್ತವೆ. ಈ ಅಗ್ಗದ ಗುಳಿಗೆ ಎಷ್ಟೋ ದುಬಾರಿ ಟಾನಿಕ್ಕುಗಳಿಗಿಂತ ಉತ್ತಮವಾದುದು.

ಇನ್ನು ಕ್ರಮ. ವೀರ್ಯವನ್ನು ಸಂಗ್ರಹಿಸುವ ಪಾತ್ರೆಯು ಪ್ರಯೋಗಾಲಯಗಳಲ್ಲಿ ಕೊಡುವಂಥ, ಅಗಲ ಬಾಯಿಯ, ಕ್ರಿಮಿರಹಿತವಾದ ಹೊಸ ಡಬ್ಬಿಯಾಗಿರಬೇಕು. ಅಡುಗೆಮನೆಯ ಬಟ್ಟಲು ಸಲ್ಲದು; ತೊಳೆದ ಸೋಪಿನ ಅಂಶ ವೀರ್ಯಾಣುಗಳಿಗೆ ವಿಷ. ಸಾಮಾನ್ಯ ನಿರೋಧ್‌ಗಳಲ್ಲಿ ಸಂಗ್ರಹಿಸುವುದೂ ತಪ್ಪು. ಎಂಜಲು, ಕೊಬ್ಬರಿ ಎಣ್ಣೆ, ಅಂಗಡಿಯಲ್ಲಿ ದೊರೆಯುವ ಬಗೆಬಗೆಯ ಜಾರುಲೇಪಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸಬಲ್ಲುವು. ಹೊರಬಂದ ವೀರ್ಯವು ಮೊದಲು ಗಟ್ಟಿಯಾಗಿದ್ದು, ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ತಾನಾಗಿಯೇ ತಿಳಿಯಾಗುತ್ತದೆ. ಅಷ್ಟು ಹೊತ್ತು ಅದನ್ನು ಕೋಣೆಯ ಉಷ್ಣತೆಯಲ್ಲಿ, ಬಿಸಿಲು ತಾಗದಂತೆ ಇರಿಸಿದರೆ ಸಾಕು. ರೆಫ್ರಿಜರೇಟರೂ ಬೇಡ, ಬಿಸಿನೀರೂ ಬೇಡ. ಒಂದು ಗಂಟೆಯೊಳಗಾಗಿ ಉಪಯೋಗಿಸಬೇಕು.

ಸಿರಿಂಜು ಹೊಸದಾಗಿರಬೇಕು, ಸೂಜಿಯಿಲ್ಲದ್ದಾಗಿರಬೇಕು, ಒಂದೇ ಸಲದ ಉಪಯೋಗದ್ದಾಗಿರಬೇಕು. ಐದು ಮಿಲಿಲೀಟರಿನದು ಧಾರಾಳವಾಯಿತು. ಕೈ ತೊಳೆದು ಒರೆಸಿಕೊಂಡು, ಸಿರಿಂಜಿನೊಳಗಿನ ಗಾಳಿಯನ್ನು ಹೊರಹಾಕಿ, ಯೋನಿಮಾರ್ಗದಲ್ಲಿ ಮಾತ್ರ, ನೋವಾಗದಷ್ಟು ದೂರ, ನಿಧಾನವಾಗಿ ಸೇರಿಸತಕ್ಕದ್ದು. ನೋವಾದರೆ ಅಲ್ಲಿಗೆ ನಿಲ್ಲಿಸಬೇಕು. ಬಳಿಕ ಹತ್ತು ಹದಿನೈದು ನಿಮಿಷ ಮಲಗಿದ್ದರೆ ಸಾಕು. ಎದ್ದಾಗ ಸ್ವಲ್ಪ ದ್ರವ ಹೊರಬಂದರೆ ಎಲ್ಲವೂ ನಷ್ಟವಾಯಿತೆಂದು ಅಳುವವರುಂಟು, ಕಾರಣವಿಲ್ಲ. ಚುರುಕಾದ ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಕೊರಳಿನ ಲೋಳೆಯನ್ನು ಹೊಕ್ಕಿರುತ್ತವೆ. ಫಲವತ್ತಾದ ಆರು ದಿನಗಳಲ್ಲಿ ದಿನಕ್ಕೊಮ್ಮೆಯಾಗಲಿ ದಿನ ಬಿಟ್ಟು ದಿನವಾಗಲಿ ಪ್ರಯತ್ನಿಸಬಹುದು. ಒಂದೇ ಸುಮುಹೂರ್ತಕ್ಕಾಗಿ ಹದಿನೈದು ದಿನ ಕೂಡಿಡುವುದು ಅವಿವೇಕ. ಹಳೆಯದಾದ ವೀರ್ಯಾಣುಗಳು ಸಂಖ್ಯೆಯಲ್ಲಿ ಹೆಚ್ಚಿದರೂ ಗುಣದಲ್ಲಿ ಕಡಮೆ.

ಇಲ್ಲಿಯವರೆಗೆ ಹೇಳಿದುದರಲ್ಲಿ ಚಿಕ್ಕಪುಟ್ಟ ತಪ್ಪಾದರೆ ಆ ತಿಂಗಳ ಫಲ ತಪ್ಪೀತು, ಅಷ್ಟೆ. ಮುಂದೆ ಹೇಳುವ ಎರಡು ಗೆರೆಗಳನ್ನು ದಾಟಿದರೆ ಆರೋಗ್ಯವೇ ಹೋದೀತು.

ಮೊದಲನೆಯ ಗೆರೆ: ಗರ್ಭಕೋಶದ ಕೊರಳನ್ನು ದಾಟಿ ಯಾವುದನ್ನೂ ಒಳಕ್ಕೆ ತೂರಿಸಕೂಡದು. ಆಸ್ಪತ್ರೆಯಲ್ಲಿ ವೈದ್ಯರು ತೆಳ್ಳನೆಯ ನಳಿಕೆಯಿಂದ ಗರ್ಭಕೋಶದೊಳಕ್ಕೇ ವೀರ್ಯಾಣುಗಳನ್ನು ಬಿಡುವ ಐ.ಯು.ಐ. ಎಂಬ ಚಿಕಿತ್ಸೆಯುಂಟಷ್ಟೆ. ಅದನ್ನು ಕೇಳಿದ ಕೆಲವರು ಮನೆಯಲ್ಲಿಯೂ ಹಾಗೆಯೇ ಮಾಡಲು ನಳಿಕೆಗಳನ್ನು ಹುಡುಕುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಬಳಸುವುದು ಪ್ರಯೋಗಾಲಯದಲ್ಲಿ ತೊಳೆದು ಬೇರ್ಪಡಿಸಿದ ವೀರ್ಯಾಣುಗಳನ್ನು, ಹಸಿ ವೀರ್ಯವನ್ನಲ್ಲ. ೧೯೩೦ರಲ್ಲಿ ನ್ಯೂಯಾರ್ಕಿನ ಕುರ್ಝ್ರಾಕ್ ಮತ್ತು ಲೀಬ್ ಎಂಬ ವೈದ್ಯರು ವೀರ್ಯ ತಾಗಿದಾಗ ಗರ್ಭಕೋಶದ ಸ್ನಾಯುವಿನ ಪಟ್ಟಿಗಳು ಸಂಕೋಚಿಸುವುದನ್ನೂ ಸಡಿಲಗೊಳ್ಳುವುದನ್ನೂ ಕಂಡರು. ಅದಕ್ಕೆ ಕಾರಣವಾದ ವಸ್ತುವಿಗೆ ಸ್ವೀಡನ್ನಿನ ಫಾನ್ ಆಯ್ಲರ್ ೧೯೩೫ರಲ್ಲಿ ಪ್ರಾಸ್ಟಗ್ಲಾಂಡಿನ್ ಎಂದು ಹೆಸರಿಟ್ಟನು. ಇದು ಗರ್ಭಕೋಶದೊಳಕ್ಕೆ ನೇರವಾಗಿ ಹೋದರೆ ತೀವ್ರವಾದ ನುಲಿನೋವು ಬರುತ್ತದೆ. ವೀರ್ಯದೊಡನೆ ಬರುವ ಬ್ಯಾಕ್ಟೀರಿಯಗಳು ಗರ್ಭನಾಳಗಳಲ್ಲಿ ಸೋಂಕನ್ನುಂಟುಮಾಡಿ, ನಾಳಗಳು ಮುಚ್ಚಿಹೋಗಬಹುದು. ಮಗುವಿಗಾಗಿ ಹಂಬಲಿಸಿ ಮಾಡಿದ ಕೆಲಸವೇ ಮಗುವಿನ ದಾರಿಯನ್ನು ಮುಚ್ಚುವುದೆಂದರೆ ಅದಕ್ಕಿಂತ ದುರಂತವುಂಟೆ? ಜ್ವರ, ಕಡುನೋವು, ದುರ್ವಾಸನೆಯ ಸ್ರಾವ, ರಕ್ತಸ್ರಾವ ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ಗೆರೆ: ಪರೀಕ್ಷೆಯಾಗದ ಪರಪುರುಷನ ವೀರ್ಯವನ್ನು ಮನೆಗೆ ತರಲೇಬಾರದು. ಪರಿಚಯಸ್ಥನೆಂಬುದು ಪರೀಕ್ಷೆಯಲ್ಲ. ೧೯೮೫ರಲ್ಲಿ ಆಸ್ಟ್ರೇಲಿಯದಿಂದ ಬಂದ ವರದಿಯೊಂದನ್ನು ವೈದ್ಯಲೋಕ ಮರೆತಿಲ್ಲ. ರೋಗದ ಯಾವ ಲಕ್ಷಣವೂ ಇಲ್ಲದ ಒಬ್ಬ ದಾನಿಯ ಘನೀಕೃತ ವೀರ್ಯವನ್ನು ಪಡೆದ ಎಂಟು ಮಂದಿ ಸ್ತ್ರೀಯರಲ್ಲಿ ನಾಲ್ವರಿಗೆ ಏಡ್ಸ್ ರೋಗದ ವೈರಸ್ಸು ತಗುಲಿತ್ತು. ಚಳಿಯಲ್ಲಿ ಘನೀಕರಿಸಿದ ಮಾತ್ರಕ್ಕೆ ವೈರಸ್ಸು ಸಾಯದು. ಸೋಂಕು ತಗುಲಿದ ಮೊದಲ ದಿನಗಳಲ್ಲಿ ರಕ್ತಪರೀಕ್ಷೆಯಲ್ಲಿ ಅದು ಕಾಣದೆಯೂ ಇರಬಹುದು. ಆದಕಾರಣವೇ ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟು, ದಾನಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಅನಂತರ ಉಪಯೋಗಿಸುವ ಪದ್ಧತಿ ಬಂದದ್ದು. ಇದು ಮನೆಯಲ್ಲಿ ಆಗುವ ಕೆಲಸವಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನವನ್ನು ನಿಯಂತ್ರಿಸುವ ೨೦೨೧ರ ಕೇಂದ್ರ ಕಾಯಿದೆಯು ೨೦೨೨ರ ಜನವರಿ ೨೫ರಿಂದ ಜಾರಿಯಲ್ಲಿದೆ. ಅದರಂತೆ ದಾನಿಗಳ ಪರೀಕ್ಷೆ, ವೀರ್ಯದ ಸಂಗ್ರಹ, ದಾಸ್ತಾನು ಇವೆಲ್ಲ ನೋಂದಾಯಿತ ಬ್ಯಾಂಕುಗಳ ಕೆಲಸ ಮಾತ್ರ. ವೀರ್ಯದಾನಿಯ ವಯಸ್ಸು ೨೧ರಿಂದ ೫೫ರೊಳಗಿರಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲ. ಅದನ್ನು ಮಾರುವ ದಂಧೆ ಅಪರಾಧ. ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲವೆಂದೂ, ಮಗು ಚಿಕಿತ್ಸೆ ಪಡೆದ ದಂಪತಿಗಳದೇ ಎಂದೂ ಕಾಯಿದೆ ಸ್ಪಷ್ಟಪಡಿಸಿದೆ. ಈ ರಕ್ಷಣೆ ಗುಟ್ಟಿನ ಏರ್ಪಾಡುಗಳಿಗೆ ದೊರೆಯದು. ಹತ್ತು ವರ್ಷಗಳ ಮೇಲೆ ಮಗುವಿನ ತಂದೆ ಯಾರೆಂಬ ವ್ಯಾಜ್ಯ ಎದ್ದರೆ, ಆ ಮಗು ಏನು ಮಾಡೀತು? ಆದುದರಿಂದ ಮನೆಯ ಪ್ರಯತ್ನವೆಂದು ನಾವು ಹೇಳುವುದು ಪತಿಯ ವೀರ್ಯದ ವಿಷಯದಲ್ಲಿ ಮಾತ್ರ. ದಾನಿ ಬೇಕಾದವರು ನೋಂದಾಯಿತ ಚಿಕಿತ್ಸಾಲಯಕ್ಕೇ ಹೋಗತಕ್ಕದ್ದು. ಹಾಗೆಯೇ ಗಂಡುಮಗುವೇ ಆಗುವಂತೆ ಮಾಡಿಕೊಡುತ್ತೇವೆನ್ನುವವರ ಮಾತಿಗೂ ಬೀಳಬಾರದು. ಗರ್ಭಕ್ಕೆ ಮುಂಚೆಯಾಗಲಿ ಅನಂತರವಾಗಲಿ ಲಿಂಗವನ್ನು ಆರಿಸುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ.

ಈಗ ಪುರುಷರೊಡನೆ ಎರಡು ಮಾತು. ಮಕ್ಕಳಾಗದಿದ್ದರೆ ನಮ್ಮಲ್ಲಿ ಮೊದಲು ಪರೀಕ್ಷೆಗೆ ಹೋಗುವವಳು ಹೆಂಡತಿ, ಮೊದಲು ಬಂಜೆಯೆನಿಸಿಕೊಳ್ಳುವವಳೂ ಅವಳೇ. ಆದರೆ ಬಂಜೆತನದ ಪ್ರಸಂಗಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಕಾರಣವೂ ಪೂರ್ತಿಯಾಗಿಯೋ ಭಾಗಶಃವೋ ಸೇರಿರುತ್ತದೆ. ವೀರ್ಯ ಪರೀಕ್ಷೆ ಅಗ್ಗವಾದುದು, ನೋವಿಲ್ಲದುದು. ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ಕೈಪಿಡಿಯಲ್ಲಿ ಕೆಳಗಿನ ಮಿತಿಯಾಗಿ ಮಿಲಿಲೀಟರೊಂದಕ್ಕೆ ೧ ಕೋಟಿ ೬೦ ಲಕ್ಷ ವೀರ್ಯಾಣುಗಳನ್ನೂ, ಚಲಿಸುವವು ನೂರಕ್ಕೆ ೪೨ ಇರಬೇಕೆಂಬುದನ್ನೂ ಕೊಟ್ಟಿದೆ. ಇದಕ್ಕಿಂತ ಕಡಮೆಯಿದ್ದವರೂ ತಂದೆಯಾಗಿದ್ದಾರೆ, ಹೆಚ್ಚಿದ್ದವರೂ ಆಗದೆ ಉಳಿದಿದ್ದಾರೆ. ಇದು ಪಾಸು ನಪಾಸಿನ ಅಂಕವಲ್ಲ, ದಾರಿತೋರುವ ಕೈಮರ.

ವೃಷಣಗಳು ದೇಹದ ಉಷ್ಣತೆಗಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೇನೆ ಸರಿಯಾಗಿ ಕೆಲಸಮಾಡುತ್ತವೆ. ಪೀಣ್ಯದ ಎರಕದ ಮನೆಗಳ ಕುಲುಮೆಯ ಮುಂದೆ ದಿನವಿಡೀ ನಿಲ್ಲುವವರು, ಬ್ಯಾಟರಿಗಳ ಸೀಸದೊಡನೆ ವ್ಯವಹರಿಸುವವರು, ಮಡಿಲಲ್ಲಿ ಲ್ಯಾಪ್‌ಟಾಪ್ ಇರಿಸಿಕೊಂಡು ಗಂಟೆಗಟ್ಟಲೆ ಕೂರುವವರು ಇದನ್ನು ಗಮನಿಸಬೇಕು. ತಂಬಾಕನ್ನು ಬಿಡಬೇಕು. ಮೈಕಟ್ಟಿಗಾಗಿ ವ್ಯಾಯಾಮಶಾಲೆಗಳಲ್ಲಿ ತೆಗೆದುಕೊಳ್ಳುವ ಹಾರ್ಮೋನಿನ ಚುಚ್ಚುಮದ್ದು ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲುದು. ಇದನ್ನು ನಮ್ಮ ಯುವಕ ವಾಚಕರು ಈಗಲೇ ತಿಳಿದಿರಲಿ. ವೀರ್ಯಾಣುವೊಂದು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಇಂದು ಕೈಗೊಂಡ ಒಳ್ಳೆಯ ಅಭ್ಯಾಸದ ಫಲ ಮೂರು ತಿಂಗಳ ಮೇಲೆ ಕಂಡೀತು.

ಕೊನೆಯದಾಗಿ ಶಾಂತಚಿತ್ತದ ಮಾತು. ಆರೋಗ್ಯವಂತರಾದ ಯುವ ದಂಪತಿಗಳಲ್ಲಿಯೂ ಒಂದು ತಿಂಗಳಿನ ಪ್ರಯತ್ನ ಫಲಿಸುವ ಸಂಭವ ನಾಲ್ಕೈದರಲ್ಲಿ ಒಂದು ಮಾತ್ರ. ನಾಲ್ಕರಲ್ಲಿ ಮೂರು ಸಲ ವಿಫಲವಾಗುವುದೇ ನಿಸರ್ಗದ ನಿಯಮವಾಗಿರುವಾಗ, ಮೊದಲ ತಿಂಗಳೇ ಫಲಿಸಲಿಲ್ಲವೆಂದು ಕಂಗೆಡುವುದೇಕೆ? ಗಣಿತವನ್ನು ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ತಿಂಗಳಿಗೆ ಐದರಲ್ಲಿ ಒಂದೆಂದು ಹಿಡಿದರೆ, ಮೂರು ತಿಂಗಳೂ ವಿಫಲವಾಗುವ ಸಂಭವ ನೂರಕ್ಕೆ ೫೧. ಹನ್ನೆರಡು ತಿಂಗಳೂ ವಿಫಲವಾಗುವ ಸಂಭವ ನೂರಕ್ಕೆ ೭ ಮಾತ್ರ. ನಿಜ ಜೀವನದಲ್ಲಿ ದಂಪತಿಗಳೆಲ್ಲರೂ ಸಮಾನರಲ್ಲವಾದುದರಿಂದ ವರ್ಷದೊಳಗೆ ಗರ್ಭ ನಿಲ್ಲುವುದು ನೂರಕ್ಕೆ ಸುಮಾರು ೮೫ ಮಂದಿಯಲ್ಲಿ. ಎಂದರೆ ತಾಳ್ಮೆಗೆ ಕಾರಣವುಂಟು. ತಾಳ್ಮೆಗೆ ಮಿತಿಯೂ ಉಂಟು. ಸ್ತ್ರೀಯ ವಯಸ್ಸು ೩೫ಕ್ಕಿಂತ ಕಡಮೆಯಾಗಿದ್ದರೆ ಹನ್ನೆರಡು ತಿಂಗಳು, ಅದಕ್ಕೆ ಮೇಲ್ಪಟ್ಟಿದ್ದರೆ ಆರು ತಿಂಗಳು. ಅಲ್ಲಿಗೂ ಫಲವಿಲ್ಲದಿದ್ದರೆ ಮನೆಯ ಪ್ರಯತ್ನವನ್ನು ಮುಂದುವರಿಸದೆ ತಜ್ಞರಲ್ಲಿಗೆ ಹೋಗಬೇಕು. ಮುಟ್ಟು ತೀರ ಏರುಪೇರಾಗಿರುವವರೂ, ವೀರ್ಯ ಪರೀಕ್ಷೆಯಲ್ಲಿ ಕೊರತೆ ಕಂಡವರೂ ಅಷ್ಟು ಕಾಯಲೂ ಬಾರದು. ಗರ್ಭ ನಿಂತಿತೆ ಎಂಬ ಪರೀಕ್ಷೆಯನ್ನು ಮುಟ್ಟು ತಪ್ಪಿದ ಮೇಲೆ ಮಾಡಿದರೆ ಸಾಕು. ನಾಲ್ಕನೆಯ ದಿನದಿಂದಲೇ ಪರೀಕ್ಷಿಸುತ್ತ ಕೂರುವುದು ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡಿದಂತೆ.

ಇಷ್ಟಾದ ಮೇಲೆ ನಮ್ಮ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳುತ್ತೇವೆ. ಮನೆಯ ಪ್ರಯತ್ನವನ್ನು ಹೀಗಳೆದು ನಿಷೇಧಿಸಬೇಕೆನ್ನುವವರ ಪಕ್ಷ ನಮ್ಮದಲ್ಲ. ನಿಷೇಧಿಸಿದರೆ ಅದು ನಿಲ್ಲದು. ಇನ್ನಷ್ಟು ಕತ್ತಲೆಗೆ ಸರಿಯುವುದು. ಅದೇ ಸಕಲಕ್ಕೂ ಮದ್ದೆಂದು ಹೊಗಳುವವರ ಪಕ್ಷವೂ ನಮ್ಮದಲ್ಲ. ನಾವು ಬೇಡುವುದು ಮೂರನ್ನು. ವೈದ್ಯರು ಇಂಥ ದಂಪತಿಗಳನ್ನು ದುಬಾರಿ ಚಿಕಿತ್ಸೆಯ ಕಡೆಗೆ ಅಟ್ಟುವ ಮೊದಲು, ಸರಳ ಮಾರ್ಗ ಸಾಕಾಗುವಲ್ಲಿ ಅದರ ಕ್ರಮವನ್ನು ಹಂಟರನಂತೆ ಸಹನೆಯಿಂದ ತಿಳಿಸಲಿ. ಕಾರ್ಖಾನೆಗಳೂ ಕಚೇರಿಗಳೂ ಪಾಳಿಯನ್ನು ನಿಗದಿಮಾಡುವಾಗ ಕೆಲಸಗಾರರಿಗೆ ಸಂಸಾರವೊಂದಿದೆಯೆಂಬುದನ್ನು ಮರೆಯದಿರಲಿ. ಆಸ್ಪತ್ರೆಗೆ ಹೋಗಲು ಅರ್ಧ ದಿನದ ರಜವನ್ನು ಕಾರಣ ಕೆದಕದೆ ಕೊಡಲಿ. ಶಾಲಾ ಕಾಲೇಜುಗಳ ಉಪಾಧ್ಯಾಯರು ಸಂತಾನೋತ್ಪತ್ತಿಯ ಪಾಠವನ್ನು, ನೀವೇ ಓದಿಕೊಳ್ಳಿ ಎಂದು ದಾಟಿಸಿಬಿಡದೆ, ತರಗತಿಯಲ್ಲಿ ನಿಂತು ಹೇಳಲಿ.

೧೯೭೮ರಲ್ಲಿ ಬೆಂಗಳೂರಿನ ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತುತ್ತಿದ್ದ ವರ್ಷದಲ್ಲಿಯೇ ಇಂಗ್ಲೆಂಡಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಪ್ರಯೋಗಾಲಯದಲ್ಲಿ ಗರ್ಭಾಂಕುರವಾದ ಮೊದಲ ಶಿಶುಗಳು ಹುಟ್ಟಿದುವು. ಕಲ್ಕತ್ತೆಯ ಡಾಕ್ಟರ್ ಸುಭಾಷ್ ಮುಖರ್ಜಿಯವರ ಸಾಧನೆಯನ್ನು ಅಂದಿನವರು ನಂಬಲ್ಲಿಲ್ಲ, ಅಪಹಾಸ್ಯಮಾಡಿದರು. ೧೯೮೧ರಲ್ಲಿ ಅವರು ಪ್ರಾಣವನ್ನೇ ಕಳೆದುಕೊಂಡರು. ಜನ್ಮದ ವಿಜ್ಞಾನವನ್ನು ನಾಚಿಕೆಯಿಂದಲೂ ಸಂಶಯದಿಂದಲೂ ಕಾಣುವ ಸಮಾಜವು ಏನನ್ನು ಕಳೆದುಕೊಳ್ಳುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೆಸರಘಟ್ಟದ ಕೊಳವೆಯ ಮೇಲೆ ಅಚ್ಚಾಗುವ ಎಚ್ಚರಿಕೆ ಪೀಣ್ಯದ ಬಾಡಿಗೆಯ ಕೋಣೆಯವರೆಗೂ ತಲಪಲಿ. ದೂರ ಕೆಲವೇ ಮೈಲಿ. ಅಡ್ಡ ನಿಂತಿರುವುದು ನಮ್ಮ ಸಂಕೋಚವೊಂದೇ.